ದಾರಿ ಬಂದ್ ಎಂಬ ಹಲಗೆ ಎಲ್ಲಿರಬೇಕು?

ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ಅಧಿಕಾರಿ ವರ್ಗದ ಬಾಯಲ್ಲಿ ಒಂದು ಹಿತವಚನ ಸಿದ್ಧವಾಗಿರುತ್ತದೆ: “ಘಟ್ಟದ ಪ್ರಯಾಣವನ್ನು ಯೋಚಿಸಿ ಕೈಗೊಳ್ಳಿ.” ಒಳ್ಳೆಯ ಮಾತು. ಆದರೆ ಯೋಚಿಸುವುದು ಯಾವ ಆಧಾರದ ಮೇಲೆ ಎಂದು ಕೇಳಿದರೆ ಹಿತಚಿಂತಕರು ಮೌನಿಗಳಾಗುತ್ತಾರೆ.

ಪ್ರಯಾಣಿಕ ಯೋಚಿಸದೆ ಹೊರಡುತ್ತಾನೆಂಬುದೇ ಮೊದಲನೆಯ ಸುಳ್ಳು. ಆಷಾಢ ಶ್ರಾವಣಗಳಲ್ಲಿ ಬೆಂಗಳೂರಿನಿಂದ ಉಡುಪಿಗೆ ಹೊರಟ ಸಂಸಾರವನ್ನು ನೋಡಿರಿ. ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಅಲ್ಲಿ ಮಣ್ಣು ಕುಸಿದರೆ ಆಗುಂಬೆ, ಅದೂ ಆಗದಿದ್ದರೆ ಮಡಿಕೇರಿಯಿಂದ ಸಂಪಾಜೆ ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ಹಗಲಿನಲ್ಲಿಯೇ ಘಟ್ಟ ಇಳಿಯಬೇಕೆಂದು ನಸುಕಿಗೇ ಏಳುತ್ತಾರೆ; ಒಂದು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಳ್ಳುತ್ತಾರೆ; ಎದುರಿಗೆ ಬಂದ ಬಸ್ಸಿನ ಡ್ರೈವರನ್ನು ನಿಲ್ಲಿಸಿ ವಿಚಾರಿಸುತ್ತಾರೆ. ಇಷ್ಟೆಲ್ಲ ಮಾಡಿ ಸಕಲೇಶಪುರ ದಾಟಿದ ಮೇಲೆ ಪೊಲೀಸಿನವರು ಅಡ್ಡ ನಿಂತು “ರಸ್ತೆ ಬಂದ್” ಎನ್ನುತ್ತಾರೆ. ಇದೇ ಮಾತನ್ನು 40 ಕಿಲೋಮೀಟರ್ ಹಿಂದೆ, ಹಾಸನದಲ್ಲಿಯೇ ಹೇಳಿದ್ದರೆ ಅವರು ಬೇಲೂರು, ಮೂಡಿಗೆರೆಯ ಮೇಲೆ ಕೊಟ್ಟಿಗೆಹಾರಕ್ಕೆ ಹೋಗುತ್ತಿದ್ದರು. ದಾರಿ ಕವಲೊಡೆಯುವಲ್ಲಿ ಇರಬೇಕಾದ ಹಲಗೆ ದಾರಿ ಮುಗಿಯುವಲ್ಲಿ ಇದ್ದರೆ ಅದು ಸೂಚನೆಯಲ್ಲ, ಅಣಕ.

“ಮಳೆಯನ್ನು ಯಾರು ಬಲ್ಲರು?” ಎಂಬ ಸಮಾಧಾನವೊಂದಿದೆ. ನಮ್ಮ ರೈತರು ಬಲ್ಲರು! ಆಶ್ಲೇಷ ಮಳೆ ಈಸಲಾರದ ಹೊಳೆ ಎಂದು ಗಾದೆ ಕಟ್ಟಿದವರು ಹವಾಮಾನ ಶಾಸ್ತ್ರ ಓದಿದವರಲ್ಲ. 2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಹರಿದುಹೋಯಿತು. ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತು ಅದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದದ್ದೂ, ಕೊಲ್ಲಾಪುರದ ಬಳಿ ಪಂಚಗಂಗೆ ಉಕ್ಕಿ ಬೆಂಗಳೂರು–ಪುಣೆ ಹೆದ್ದಾರಿ ದಿನಗಟ್ಟಲೆ ನೀರಿನಡಿ ಮಲಗಿದ್ದೂ ಆಶ್ಲೇಷದಲ್ಲಿಯೇ. 2021ರ ಜುಲೈಯಲ್ಲಿ ಪಂಚಗಂಗೆ ಮತ್ತೆ ಹೆದ್ದಾರಿಗೆ ಏರಿದಾಗ ಪುಷ್ಯ ಮಳೆ. ಪಂಚಾಂಗದ ಪುಟದಲ್ಲಿ ದಿನಾಂಕ ಸಮೇತ ಇರುವುದು ಕಚೇರಿಗಳಿಗೆ ಮಾತ್ರ ವರ್ಷ ವರ್ಷವೂ ಆಕಸ್ಮಿಕವಾಗುವುದು ಹೇಗೆ?

ಇದಕ್ಕೆ ಒಂದು ಕಾರಣ ನಮ್ಮ ಆಡಳಿತದ ಗಡಿಗೆರೆ. ಶಿರಾಡಿಯ ತಲೆ ಹಾಸನದಲ್ಲಿ, ಪಾದ ದಕ್ಷಿಣ ಕನ್ನಡದಲ್ಲಿ. ಚಾರ್ಮಾಡಿಯ ತಲೆ ಚಿಕ್ಕಮಗಳೂರಿಗೆ, ಸಂಪಾಜೆಯ ತಲೆ ಕೊಡಗಿಗೆ ಸೇರಿದರೆ ಎರಡರ ಪಾದವೂ ದಕ್ಷಿಣ ಕನ್ನಡಕ್ಕೆ. ಆಗುಂಬೆ ಶಿವಮೊಗ್ಗದಲ್ಲಿ ಹುಟ್ಟಿ ಉಡುಪಿಯಲ್ಲಿ ಇಳಿಯುತ್ತದೆ. ಒಂದೊಂದು ಘಾಟಿಗೂ ಇಬ್ಬಿಬ್ಬರು ಜಿಲ್ಲಾಧಿಕಾರಿಗಳು, ಅವರವರ ಆಜ್ಞೆ ಅವರವರ ಜಿಲ್ಲೆಯೊಳಗೆ. ಪ್ರಯಾಣಿಕ ಬರುವುದೋ ಮೂರನೆಯ ಜಿಲ್ಲೆಯಿಂದ! ಒಂದು ಘಾಟಿ ಮುಚ್ಚಿದೊಡನೆ ಅಲ್ಲಿಯ ವಾಹನಗಳೆಲ್ಲ ಪಕ್ಕದ ಘಾಟಿಗೆ ನುಗ್ಗುತ್ತವೆ. ಆಗುಂಬೆಯ ಕಡಿದಾದ ತಿರುವುಗಳಲ್ಲಿ ಆಮೇಲೆ ಆಗುವ ಪಾಡನ್ನು ವರ್ಣಿಸಬೇಕಾಗಿಲ್ಲ.

ಇನ್ನು ಮೊಬೈಲಿನ ನಕ್ಷೆಯನ್ನು ನಂಬಿರೆಂದು ಹೇಳುವ ನವೀನರುಂಟು. ಅದು ವಾಹನಗಳ ಸಂದಣಿಯನ್ನು ಬಲ್ಲುದು. ನೀರು ಕುಡಿದು ಭಾರವಾಗಿ ನಿಂತ ಗುಡ್ಡವನ್ನು ಅರಿಯದು. ಯಾರೂ ಹೋಗದ ಬಯಲುಸೀಮೆಯ ರಸ್ತೆಯೂ, ಯಾರೂ ಹೋಗಲಾರದ ಮುಳುಗಿದ ಸೇತುವೆಯೂ ಅದರ ಕಣ್ಣಿಗೆ ಒಂದೇ ಬಗೆಯ ಖಾಲಿ ದಾರಿಯಾಗಿ ತೋರಬಹುದು.

ಎಚ್ಚರಿಕೆಯೊಂದೇ ಸಾಲದೆಂಬುದಕ್ಕೆ 2024ರ ಜುಲೈ 16ರ ಶಿರೂರು ಸಾಕ್ಷಿ. ಅಂಕೋಲಾ ತಾಲೂಕಿನ ಆ ಊರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ದಾರಿಬದಿಯ ಚಹದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ಹೊಳೆಗೆ ನೂಕಿತು. ಕೇರಳದ ಲಾರಿಯೊಂದು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಚಹಕ್ಕೆಂದು ಗಾಡಿ ನಿಲ್ಲಿಸುವುದು ಅವಿವೇಕವೆ? ದಣಿದ ಚಾಲಕ ವಿಶ್ರಮಿಸಬೇಕೆಂದು ಬೋಧಿಸುವವರೂ ಇದೇ ಹಿತಚಿಂತಕರಲ್ಲವೆ?

ಹಾಗಾದರೆ ಮನೆಯಲ್ಲಿಯೇ ಇರಿ ಎನ್ನುವಿರಾ? ಮಲೆನಾಡಿನ ರೋಗಿ ಮಣಿಪಾಲಕ್ಕೋ ಮಂಗಳೂರಿಗೋ ಇಳಿಯಲೇಬೇಕು. ಕಾಲೇಜು ಸೇರುವ ಮಕ್ಕಳಿಗೆ ಮಳೆಗಾಲವೇ ಕಾಲ. ಲಾರಿಯ ಚಾಲಕನಿಗೆ ಮನೆಯಲ್ಲಿರುವ ಸುಖವನ್ನು ಬೋಧಿಸುವವರು ಮೊದಲು ಅವನ ಕೂಲಿಯನ್ನು ಕೊಡಲಿ.

ನಾವು ಕೇಳುವುದು ಅಂಥ ದೊಡ್ಡದಲ್ಲ. ಮೃಗಶಿರದಿಂದ ಮಘೆಯವರೆಗೆ ಹಾಸನ, ಮೂಡಿಗೆರೆ, ತೀರ್ಥಹಳ್ಳಿ, ಮಡಿಕೇರಿಗಳಲ್ಲಿ, ಕೆಳಗೆ ಉಪ್ಪಿನಂಗಡಿ, ಉಜಿರೆ, ಹೆಬ್ರಿ, ಸುಳ್ಯಗಳಲ್ಲಿ ಒಂದೊಂದು ದೊಡ್ಡ ಹಲಗೆ. ಯಾವ ಘಾಟಿ ತೆರೆದಿದೆ, ಯಾವುದು ಮುಚ್ಚಿದೆ, ಎಷ್ಟು ಗಂಟೆಗೆ ಬರೆದದ್ದು ಎಂಬುದು ಅದರ ಮೇಲೆ ಕನ್ನಡದಲ್ಲಿ ಇರಲಿ. ಎಲ್ಲ ಘಾಟಿಗಳಿಗೂ ಸೇರಿ ಒಂದೇ ಕಚೇರಿ, ಬೆಳಗಿಗೂ ಸಂಜೆಗೂ ಒಂದೊಂದು ಪ್ರಕಟಣೆ. ಗುಡ್ಡ ಕಡಿಯುವ ಗುತ್ತಿಗೆದಾರನ ಹೆಸರೂ, ಅದಕ್ಕೆ ಒಪ್ಪಿಗೆ ಕೊಟ್ಟ ಎಂಜಿನಿಯರರ ಹೆಸರೂ ಆ ಗುಡ್ಡದ ಬುಡದಲ್ಲಿಯೇ ಬರೆದಿರಲಿ.

ಆಮೇಲೂ ಯೋಚಿಸದೆ ಹೊರಟವನನ್ನು ಧಾರಾಳವಾಗಿ ಬೈಯಿರಿ. ಅಲ್ಲಿಯವರೆಗೆ ಯೋಚಿಸಬೇಕಾದವನು ಪ್ರಯಾಣಿಕನಲ್ಲ.