ಚೀಟಿ ಹೇಳುವುದೆಷ್ಟು?

ಹಳ್ಳಿಯ ಸಂತೆಯಲ್ಲಿ ಕೋಳಿಯನ್ನು ಕೊಳ್ಳುವವರು ಅದರ ಜುಟ್ಟಿನ ಕೆಂಪನ್ನೂ ಕಣ್ಣಿನ ಹೊಳಪನ್ನೂ ನೋಡಿ, ಕೈಯಲ್ಲೆತ್ತಿ ತೂಕವನ್ನು ಅಂದಾಜು ಮಾಡಿ, ಆ ಬಳಿಕ ಬೆಲೆಯ ಮಾತಿಗೆ ಬರುತ್ತಾರೆ. ಅಮೆರಿಕದ ಅಂಗಡಿಗೆ ಹೋದ ಗೃಹಿಣಿಗೆ ಈ ಅನುಕೂಲವಿಲ್ಲ. ಅಲ್ಲಿ ಕೋಳಿಯು ಮಾಂಸವಾಗಿ ತಣ್ಣನೆಯ ಪೊಟ್ಟಣದೊಳಗೆ ಇರುತ್ತದೆ. ಅದರ ಪರವಾಗಿ ಮಾತನಾಡುವುದು ಮೇಲೆ ಅಂಟಿಸಿದ ಚೀಟಿಯೊಂದೇ. ಚೀಟಿ ಸುಳ್ಳಾಡುವುದಿಲ್ಲವೆಂದೇ ಇಟ್ಟುಕೊಂಡರೂ, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆಯೆಂಬುದನ್ನು ಅರಿಯದಿದ್ದರೆ ಹಣವೂ ಹೋದೀತು, ಬಯಸಿದ್ದೂ ದೊರೆಯದೇ ಹೋದೀತು.

‘ಹಾರ್ಮೋನು ಸೇರಿಸಿಲ್ಲ’ ಎಂಬ ಮಾತನ್ನೇ ನೋಡಬಹುದು. ಮಕ್ಕಳ ಆರೋಗ್ಯಕ್ಕೆಂದು ನಾಲ್ಕು ಕಾಸು ಹೆಚ್ಚು ತೆತ್ತು ಅಂಥ ಪೊಟ್ಟಣವನ್ನೇ ಆರಿಸುವ ತಾಯಂದಿರುಂಟು. ಆದರೆ ಆ ದೇಶದಲ್ಲಿ ಕೋಳಿಗಳಿಗೆ ಹಾರ್ಮೋನು ಕೊಡುವುದೇ ನಿಷಿದ್ಧ. ಆದಕಾರಣ ಹಾಗೆ ಅಚ್ಚು ಹಾಕಿಸುವವರು, ಸರ್ಕಾರದ ನಿಯಮವೇ ಅದನ್ನು ನಿಷೇಧಿಸಿದೆಯೆಂಬ ವಾಕ್ಯವನ್ನೂ ಜೊತೆಗೆ ಸೇರಿಸತಕ್ಕದ್ದೆಂದು ಕಟ್ಟಳೆಯಿದೆ. ದೊಡ್ಡಕ್ಷರವನ್ನು ಓದಿ ಸಣ್ಣಕ್ಷರವನ್ನು ಬಿಟ್ಟವರು, ಎಲ್ಲ ಕೋಳಿಗಳಿಗೂ ಇರುವ ಗುಣಕ್ಕೆ ಪ್ರತ್ಯೇಕ ಬೆಲೆ ತೆತ್ತಂತಾಗುತ್ತದೆ.

‘ನ್ಯಾಚುರಲ್’ ಎಂಬ ಪದವೂ ಎಚ್ಚರದಿಂದ ಓದತಕ್ಕದ್ದೇ. ಕೃತಕ ವಸ್ತುವನ್ನಾಗಲಿ ಬಣ್ಣವನ್ನಾಗಲಿ ಬೆರೆಸಿಲ್ಲ, ಮಾಂಸವನ್ನು ಹೆಚ್ಚು ಸಂಸ್ಕರಿಸಿಲ್ಲ ಎಂಬಷ್ಟೇ ಅದರ ಅರ್ಥ. ಕೋಳಿ ಎಲ್ಲಿ ಬೆಳೆಯಿತು, ಏನು ತಿಂದಿತು ಎಂಬುದನ್ನು ಅದು ಹೇಳದು. ‘ಫ್ರೀ ರೇಂಜ್’ ಎಂದಿದ್ದರೆ ಹೊರಗೆ ಹೋಗಲು ಅವಕಾಶವಿತ್ತೆಂದು ತಿಳಿಯಬೇಕೇ ಹೊರತು, ದಿನವೆಲ್ಲ ಹುಲ್ಲಿನಲ್ಲಿ ಮೇಯುತ್ತಿತ್ತೆಂದಲ್ಲ. ‘ಆರ್ಗ್ಯಾನಿಕ್’ ಇವೆರಡಕ್ಕಿಂತ ತೂಕದ ಮಾತು. 2002ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಅಂಥ ಕೋಳಿಗೆ ಮರಿಯಾದ ಎರಡನೆಯ ದಿನದಿಂದಲೇ ಸಾವಯವ ಆಹಾರ ಕೊಡಬೇಕು; ಆಂಟಿಬಯಾಟಿಕ್ ಔಷಧ ಕೊಡಕೂಡದು. ತಂಪು ಮಾಡುವಾಗ ಮಾಂಸವು ಹೀರಿ ಉಳಿಸಿಕೊಂಡ ನೀರಿನ ಶೇಕಡಾ ಪ್ರಮಾಣವನ್ನೂ ಚೀಟಿ ತಿಳಿಸಬೇಕು. ಮಾಂಸದ ಬೆಲೆ ಕೊಟ್ಟು ಎಷ್ಟು ನೀರನ್ನು ಕೊಂಡಂತಾಯಿತೆಂಬುದು ಅಲ್ಲಿ ಗೊತ್ತಾಗುತ್ತದೆ.

ಚೀಟಿ ಹೇಳದುದನ್ನು ಹೇಳಬಲ್ಲವನು ಕೋಳಿ ಸಾಕಿದ ರೈತ. ಹತ್ತಿರದ ಹೊಲಮನೆಗೆ ಹೋಗಿ ಕೊಳ್ಳುವವರು ಅಲ್ಲಿ ಹೆಚ್ಚುತ್ತಿರುವುದು ಇದೇ ಕಾರಣದಿಂದ. ಆದರೆ ಅಲ್ಲಿಯೂ ಒಂದು ಸೂಕ್ಷ್ಮವುಂಟು. 1957ರ ಕಾನೂನಿನಿಂದ ಬಂದ ಸರ್ಕಾರಿ ತಪಾಸಣೆಯ ದುಂಡು ಮುದ್ರೆ ಅಂಗಡಿಯ ಕೋಳಿಯ ಮೇಲಿರುತ್ತದೆ. ತಾನೇ ಸಾಕಿ, ತಾನೇ ಕೊಯ್ದು, ವರ್ಷಕ್ಕೆ 1,000ಕ್ಕಿಂತ ಹೆಚ್ಚು ಕೋಳಿಗಳನ್ನು ಮಾರದ ರೈತನಿಗೆ, ಹಕ್ಕಿ ಹಕ್ಕಿಗೂ ನಡೆಯುವ ಆ ತಪಾಸಣೆಯಿಂದ ವಿನಾಯಿತಿಯಿದೆ. ಶುಚಿಯಾಗಿ ಕೊಯ್ಯಬೇಕೆಂಬ ಹೊಣೆ ಮಾತ್ರ ಅವನಿಗೆ ತಪ್ಪಿದ್ದಲ್ಲ. ಮುದ್ರೆಯಿಲ್ಲದ ಕಡೆ ಕೊಳ್ಳುವವರ ಕಣ್ಣೇ ಪರೀಕ್ಷಕ. ಏನು ಮೇವು ಹಾಕಿದರು, ಎಷ್ಟು ವಾರ ಸಾಕಿದರು, ಯಾವ ಔಷಧ ಕೊಟ್ಟರು, ಎಲ್ಲಿ ಕೊಯ್ದು ಹೇಗೆ ತಂಪು ಮಾಡಿದರು ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಕೋಳಿಮನೆಯ ಬಾಗಿಲು ತೆರೆದು ತೋರಿಸುವವನ ಬಳಿ ಕೊಳ್ಳುವುದು ಕ್ಷೇಮ. ಕೇಳಿದರೆ ಮುಖ ಗಂಟಿಕ್ಕುವವನ ಬಳಿ ಬೇಡ.

ಊರಿನ ಕೋಳಿಯೆಂದ ಮಾತ್ರಕ್ಕೆ ರೋಗಾಣುವಿಲ್ಲವೆಂದಲ್ಲ. ಸಾಲ್ಮೊನೆಲ್ಲಾ ಹೊಲಮನೆಯ ಕೋಳಿಯಲ್ಲಿಯೂ ಇರಬಹುದು. ಹಸಿ ಮಾಂಸವನ್ನು ತೊಳೆದರೆ ಹನಿಗಳು ಸಿಡಿದು ರೋಗಾಣುಗಳು ಅಡಿಗೆಮನೆಯೆಲ್ಲ ಹರಡುವುವೇ ವಿನಾ ಹೋಗುವುದಿಲ್ಲ. ತಂದ ಮಾಂಸವನ್ನು 4 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚದ ತಂಪಿನಲ್ಲಿಟ್ಟು ಒಂದೆರಡು ದಿನಗಳಲ್ಲಿ ಬೇಯಿಸಬೇಕು. ಬೇಯುವಾಗ ಒಳಗಿನ ಶಾಖ 74 ಡಿಗ್ರಿ ಮುಟ್ಟಬೇಕು. ಚೀಟಿಯನ್ನು ಓದಿದ್ದೂ ರೈತನನ್ನು ಕೇಳಿದ್ದೂ ಸಾರ್ಥಕವಾಗುವುದು ಕಡೆಗೆ ಒಲೆಯ ಮುಂದೆಯೇ.