ಪರೀಕ್ಷೆ ಇಲ್ಲದ ವಿಜ್ಞಾನ, ಖರ್ಚಿಲ್ಲದ ಭಾನುವಾರ

ಬೆಂಗಳೂರಿನಲ್ಲಿ ಒಂದು ಭಾನುವಾರ ಕಳೆಯೋಕೆ ಎಷ್ಟು ಖರ್ಚಾಗುತ್ತೆ ಅಂತ ಯಾವತ್ತಾದ್ರೂ ಲೆಕ್ಕ ಹಾಕಿದ್ದೀರಾ? ಮಾಲ್‌ಗೆ ಹೋದರೆ ಪಾರ್ಕಿಂಗ್, ಸಿನಿಮಾ, ಪಾಪ್‌ಕಾರ್ನ್, ಆಮೇಲೆ ಊಟ. ಮನೆಗೆ ಬರುವಷ್ಟರಲ್ಲಿ ಜೇಬೂ ಖಾಲಿ, ತಲೆಯೂ ಖಾಲಿ. ಮನೆಯಲ್ಲೇ ಇದ್ದುಬಿಡೋಣ ಅಂದರೆ ಫೋನ್ ಕೈಯಲ್ಲಿರುತ್ತೆ, ರೀಲ್ಸ್ ನೋಡ್ತಾ ನೋಡ್ತಾ ಸಂಜೆಯಾಗಿರುತ್ತೆ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಯಾರಾದರೂ ‘ವೀಕೆಂಡ್ ಹೇಗಿತ್ತು?’ ಅಂದರೆ ‘ಚಿಲ್’ ಅನ್ನೋದು ಬಿಟ್ಟು ಬೇರೇನೂ ಹೊಳೆಯಲ್ಲ.

ಈ ಊರಲ್ಲಿ ಇನ್ನೊಂದು ಥರದ ಭಾನುವಾರವೂ ಇದೆ. ಬಹುತೇಕ ಪುಕ್ಕಟೆ. ಅದರ ಬಗ್ಗೆ ಇವತ್ತು ಹೇಳಬೇಕು.

ನಮ್ಮಲ್ಲಿ ಬಹಳ ಜನ ಸೈನ್ಸ್ ತಗೊಂಡಿದ್ದು ಸಿಇಟಿಗೋಸ್ಕರ. ಫಿಸಿಕ್ಸ್ ಅಂದರೆ ಸೂತ್ರ, ಬಯಾಲಜಿ ಅಂದರೆ ಚಿತ್ರ ಬರೆದು ಭಾಗ ಗುರುತಿಸೋದು. ರಿಸಲ್ಟ್ ಬಂದ ದಿನ ಪುಸ್ತಕ ಜೂನಿಯರ್‌ಗೆ ಕೊಟ್ಟೆವು, ಅಲ್ಲಿಗೆ ವಿಜ್ಞಾನದ ಜೊತೆ ಸಂಬಂಧ ಮುಗೀತು. ಮಾರ್ಕ್ಸ್ ಯಾರೂ ಕೇಳದ, ಹಾಜರಿ ಯಾರೂ ಹಾಕದ ಜಾಗದಲ್ಲಿ ಕೂತು ವಿಜ್ಞಾನ ಕೇಳೋದು ಎಷ್ಟು ಹಗುರ ಅನ್ನೋದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೆ.

ಬುಧವಾರದ ಸಂಜೆಗಳು

ಬಸವನಗುಡಿಯ ನ್ಯಾಷನಲ್ ಕಾಲೇಜು ಗೊತ್ತಲ್ಲ? ಅಲ್ಲಿ 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ಉಪನ್ಯಾಸ, ಬುಧವಾರ ಸಂಜೆ. ಯಾರು ಬೇಕಾದರೂ ಬಂದು ಕೂರಬಹುದು. ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವ ಬೇರೆ.

ಎಚ್ಚೆನ್ ಅವರ ಕಥೆ ಕೇಳಿದರೆ ಈ ಫೋರಂ ಯಾಕೆ ಹುಟ್ಟಿತು ಅಂತ ಅರ್ಥವಾಗುತ್ತೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಮುಂದೆ ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಹುದ್ದೆಯಲ್ಲಿದ್ದಾಗಲೇ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ರಚಿಸಿದವರು. ಇಷ್ಟಾದರೂ ಬದುಕಿದ್ದು ಮಾತ್ರ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಪ್ರಶ್ನೆ ಕೇಳೋ ಹಕ್ಕು ಎಲ್ಲರಿಗೂ ಇದೆ ಅಂತ ನಂಬಿದ್ದ ಮೇಷ್ಟ್ರು ಕಟ್ಟಿದ ವೇದಿಕೆ ಅದು.

ಇನ್ನು ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯ. 1989ರಲ್ಲಿ ಶುರುವಾದ ಇದಕ್ಕೆ ನಾವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಹೋಗಿ, ಕತ್ತಲಾದ ತಕ್ಷಣ ಸಿಳ್ಳೆ ಹೊಡೆದು ಬಂದಿದ್ದೇವೆ. ದೊಡ್ಡವರಾದ ಮೇಲೆ ಮತ್ತೊಮ್ಮೆ ಹೋಗಿ ನೋಡಿ. ಹೆಸರಘಟ್ಟದ ಹತ್ತಿರ ಇರುವ ಐಸಿಟಿಎಸ್ ಸಂಸ್ಥೆ ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳು ಸಾಮಾನ್ಯವಾಗಿ ಇಲ್ಲೇ ಆಗುತ್ತವೆ. ಹೆಸರಿಗೆ ತಕ್ಕಂತೆ ಕಾಫಿಯೂ ಉಂಟು, ಕಪ್ಪುರಂಧ್ರವೂ ಉಂಟು.

ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದರೆ ಐಐಎಸ್‌ಸಿಯ ಓಪನ್ ಡೇ. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. 1909ರಲ್ಲಿ ಹುಟ್ಟಿದ ಸಂಸ್ಥೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದು ಶನಿವಾರ ಗೇಟು ಎಲ್ಲರಿಗೂ ತೆರೆದಿರುತ್ತೆ. ಲ್ಯಾಬ್ ಒಳಗೆ ಹೋಗಿ ನೋಡಬಹುದು, ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಗಂಟಲು ಕಟ್ಟುವವರೆಗೂ ವಿವರಿಸುತ್ತಾರೆ. ಒಂದೇ ದಿನದಲ್ಲಿ ಎಲ್ಲ ನೋಡ್ತೀನಿ ಅಂತ ಹೊರಟರೆ ಕಾಲು ನೋವು ಮಾತ್ರ ಸಿಗುತ್ತೆ. ಎರಡು ವಿಭಾಗ ಆರಿಸಿಕೊಳ್ಳಿ, ಸಾಕು.

ನೆರಳು ಮಾಯವಾಗುವ ಮಧ್ಯಾಹ್ನ

ನನಗೆ ಬಹಳ ಇಷ್ಟವಾದ ಕಾರ್ಯಕ್ರಮಕ್ಕೆ ಸಭಾಂಗಣವೇ ಬೇಡ. ವರ್ಷಕ್ಕೆ ಎರಡು ದಿನ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಕರಾರುವಾಕ್ಕಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತೆ. ಇದಕ್ಕೆ ಶೂನ್ಯ ನೆರಳಿನ ದಿನ ಅನ್ನುತ್ತಾರೆ.

‘ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿ ಮೇಲೇ ಇರ್ತಾನಲ್ಲ?’ ಅಂತ ನಮ್ಮ ಟೀಮಿನಲ್ಲಿ ಒಬ್ಬರು ಕೇಳಿದ್ದರು. ಇರಲ್ಲ. ವರ್ಷವಿಡೀ ಸೂರ್ಯ ಒಂದಷ್ಟು ಕಾಲ ಉತ್ತರಕ್ಕೆ, ಒಂದಷ್ಟು ಕಾಲ ದಕ್ಷಿಣಕ್ಕೆ ಸರಿಯುತ್ತಿರುತ್ತಾನೆ. ನಮ್ಮ ಊರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಸೂರ್ಯ ಅಷ್ಟೇ ಉತ್ತರಕ್ಕೆ ಬಂದಾಗ, ಹೋಗುವಾಗ ಒಂದು ಸಲ, ವಾಪಸ್ ಬರುವಾಗ ಒಂದು ಸಲ, ನೆರಳು ಮಾಯ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೆಹಲಿಯವರಿಗೆ ಈ ಭಾಗ್ಯ ಇಲ್ಲವೇ ಇಲ್ಲ.

ಅದೂ ಹನ್ನೆರಡು ಗಂಟೆಗೆ ಅಲ್ಲ. ಏಪ್ರಿಲ್‌ನಲ್ಲಿ ಸುಮಾರು 12:17ಕ್ಕೆ, ಆಗಸ್ಟ್‌ನಲ್ಲಿ ಸುಮಾರು 12:24ಕ್ಕೆ. ನಮ್ಮ ಗಡಿಯಾರಗಳು ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರೋದು ಅದಕ್ಕಿಂತ ಪಶ್ಚಿಮಕ್ಕೆ. ಹಾಗಾಗಿ ನಮ್ಮ ನಿಜವಾದ ಮಧ್ಯಾಹ್ನ ಸ್ವಲ್ಪ ತಡ.

ಈಗ ಮನೆಯ ವಿಷಯಕ್ಕೆ ಬರ್ತೀನಿ. ನಮ್ಮ ಊರು ಕಲಬುರಗಿ. ಅಪ್ಪ ಅಲ್ಲೇ ಇದ್ದಾರೆ, ಸ್ವಲ್ಪ ಹೊಲ ಇದೆ. ಅಮ್ಮ ಹೋದ ಮೇಲೆ ನಮ್ಮಿಬ್ಬರ ಫೋನ್ ಮಾತು ಒಂದು ನಿಮಿಷಕ್ಕೆ ಇಳಿದಿತ್ತು. ‘ಊಟ ಆಯ್ತೇನವಾ?’ ‘ಆಯ್ತಪ್ಪಾ.’ ‘ಮಳಿ ಅದೇನು?’ ‘ಇಲ್ಲಪ್ಪಾ.’ ಅಷ್ಟೇ. ಇಬ್ಬರಿಗೂ ಇನ್ನೇನೋ ಹೇಳೋದಿತ್ತು, ಆದರೆ ಏನು ಅಂತ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪನಿಗೆ ಒಂದು ಕೆಲಸ ಹೇಳಿದೆ. ಒಂದು ಮೀಟರ್ ಉದ್ದದ ಕೋಲು ಮಾಳಿಗೆ ಮೇಲೆ ನೆಟ್ಟಗೆ ನಿಲ್ಲಿಸಿ, 12:20ಕ್ಕೆ ನೆರಳು ಎಷ್ಟಿದೆ ಅಂತ ಅಳೆದು ಹೇಳಬೇಕು. ಇಲ್ಲಿ ನೆರಳು ಸೊನ್ನೆ. ಅಲ್ಲಿ ಎಷ್ಟಿದೆ ಅಂತ ಗೊತ್ತಾದರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. 2,200 ವರ್ಷಗಳ ಹಿಂದೆ ಎರಟೋಸ್ಥನೀಸ್ ಎಂಬ ಗ್ರೀಕ್ ಪಂಡಿತ ಈಜಿಪ್ಟಿನಲ್ಲಿ ಮಾಡಿದ ಲೆಕ್ಕ ಇದೇ.

‘ಈ ಬಿಸಲಾಗ ಕೋಲು ಹಿಡ್ಕೊಂಡು ನಿಂತ್ರ ಮಂದಿ ಏನಂದಾರು?’ ಅಂದರು. ಆದರೂ ನಿಂತರು. 12:20ಕ್ಕೆ ಫೋನ್ ಬಂತು: ‘ಏಳೂವರಿ ಸೆಂಟಿಮೀಟರ್ ಅದ ನೋಡವಾ. ಮೂರು ಸಲ ಅಳದೀನಿ.’

ಲೆಕ್ಕ ಸುಲಭ. ನೂರು ಸೆಂಟಿಮೀಟರ್ ಕೋಲಿಗೆ ಏಳೂವರೆ ನೆರಳು ಅಂದರೆ ಕೋನ ಸುಮಾರು 4.3 ಡಿಗ್ರಿ. ಬೆಂಗಳೂರಿಂದ ಕಲಬುರಗಿಗೆ ಉತ್ತರ ದಿಕ್ಕಿನ ನೇರ ದೂರ, ಬಸ್ಸಿನ ದಾರಿ ಅಲ್ಲ, ಸುಮಾರು 480 ಕಿ.ಮೀ. 4.3 ಡಿಗ್ರಿಗೆ 480 ಆದರೆ 360 ಡಿಗ್ರಿಗೆ? ಸುಮಾರು 40,000 ಕಿ.ಮೀ. ಪುಸ್ತಕದಲ್ಲಿರೋದೂ ಹೆಚ್ಚುಕಮ್ಮಿ ಅದೇ. ಅದೃಷ್ಟವೂ ಸೇರಿತ್ತು ಅನ್ನಿ. ಎರಡು ಮಿಲಿಮೀಟರ್ ಆಚೀಚೆ ಆಗಿದ್ದರೆ ಉತ್ತರ ಸಾವಿರ ಕಿ.ಮೀ. ಆಚೀಚೆ ಆಗುತ್ತಿತ್ತು. ಅವತ್ತು ನಾವು ಮಾತಾಡಿದ್ದು ನಲವತ್ತು ನಿಮಿಷ. ಮೇ ಎರಡನೇ ವಾರ ಕಲಬುರಗಿಯಲ್ಲಿ ನೆರಳು ಮಾಯವಾಗುವ ದಿನಕ್ಕೆ ಅಪ್ಪ ಓಣಿಯ ಹುಡುಗರನ್ನೆಲ್ಲ ಸೇರಿಸಿದ್ದರಂತೆ.

ಹಕ್ಕಿ ನೋಡೋಕೆ ದುರ್ಬೀನು ಬೇಕಾ?

ಬೇಡ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ಹಕ್ಕಿ ನೋಡುವವರು ಸೇರುವುದು ಈ ಊರಿನ ಹಳೆಯ ರೂಢಿ. ಹೊಸಬರನ್ನು ಕಂಡರೆ ತಮ್ಮ ದುರ್ಬೀನು ತಾವೇ ಕೈಗೆ ಕೊಡುತ್ತಾರೆ. ನಾನು ಮೊದಲ ಸಲ ಹೋದಾಗ ‘ಕಾಗೆ, ಪಾರಿವಾಳ, ಹದ್ದು’ ಅಷ್ಟೇ ಗೊತ್ತಿತ್ತು. ವಾಪಸ್ ಬರುವಾಗ ಕುಟ್ರುಹಕ್ಕಿಯ ‘ಕುಟ್ರೂ ಕುಟ್ರೂ’ ಕಿವಿಯಲ್ಲಿ ಕೂತಿತ್ತು. ಆಮೇಲೆ ಗೊತ್ತಾಯಿತು, ಅದು ನನ್ನ ಪಿಜಿ ಎದುರಿನ ಮರದಲ್ಲೇ ದಿನಾ ಕೂಗುತ್ತಿತ್ತು.

ಹೋದವರು ಲಾಲ್‌ಬಾಗಿನ ಬಂಡೆಯನ್ನೂ ಹತ್ತಿ ಬನ್ನಿ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೂತು ಕಡ್ಲೆಕಾಯಿ ತಿನ್ನುವಾಗ ನಮ್ಮ ಅಪ್ರೈಸಲ್ ಚಿಂತೆ ಸ್ವಲ್ಪ ಚಿಕ್ಕದಾಗಿ ಕಾಣುತ್ತೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ. ಹದಿನೈದು ನಿಮಿಷ ಬಾಲ್ಕನಿಯಲ್ಲಿ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಈಬರ್ಡ್ ಆ್ಯಪ್‌ಗೆ ಹಾಕಿದರೆ ನಿಮ್ಮ ಪಟ್ಟಿಯೂ ವಿಜ್ಞಾನಿಗಳ ಲೆಕ್ಕಕ್ಕೆ ಸೇರುತ್ತೆ. ಕಾಗೆ ಎಣಿಸಿದರೂ ಸರಿಯೇ.

ಕೇಳದೇ ಉಳಿದ ಪ್ರಶ್ನೆ

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಹೋದ ಚಳಿಗಾಲದಲ್ಲಿ ಅಪ್ಪ ಬಂದಿದ್ದಾಗ ಹವಾಮಾನ ಬದಲಾವಣೆ ಬಗ್ಗೆ ಒಂದು ಉಪನ್ಯಾಸಕ್ಕೆ ಕರೆದುಕೊಂಡು ಹೋಗಿದ್ದೆ. ಒಳ್ಳೆಯ ಮಾತುಗಾರರು, ಒಳ್ಳೆಯ ಚಿತ್ರಗಳು. ಎಲ್ಲ ಇಂಗ್ಲಿಷಿನಲ್ಲಿ. ನಾನು ಕಿವಿಯಲ್ಲಿ ಪಿಸುಗುಡುತ್ತಾ ಅರ್ಧಂಬರ್ಧ ಹೇಳುತ್ತಿದ್ದೆ. ಕೊನೆಗೆ ಪ್ರಶ್ನೋತ್ತರದ ಹೊತ್ತು. ಮೈಕು ನಮ್ಮ ಸಾಲಿಗೆ ಬಂತು. ಅಪ್ಪ ಕುರ್ಚಿಯ ತುದಿಗೆ ಸರಿದರು, ಸುತ್ತ ನೋಡಿದರು, ಮತ್ತೆ ಹಿಂದಕ್ಕೆ ಒರಗಿದರು. ನಾನು ‘ಕೇಳಪ್ಪಾ, ನಾ ಹೇಳ್ತೀನಿ’ ಅಂದೆ. ‘ಬ್ಯಾಡ ಬಿಡು’ ಅಂದರು. ಮೈಕು ಮುಂದೆ ಹೋಯಿತು.

ಮನೆಗೆ ಬರುವಾಗ ಆಟೋದಲ್ಲಿ ಕೇಳಿದರು: ‘ತೊಗರಿ ಹೂ ಬಿಡೋ ಹೊತ್ತಿಗಿ ಮಂಜು ಬಿದ್ರ ಹೂವು ಉದುರತಾವ. ಮೊದಲ ಇಷ್ಟು ಮಂಜು ಇರಲಿಲ್ಲ ಅಂತ ನಮ್ಗ ಅನಸ್ತದ. ಖರೇನ ಹೆಚ್ಚಾಗ್ಯದೇನು, ಇಲ್ಲಾ ನಮಗ ಹಂಗ ಅನಸ್ತದೇನು?’

ತೊಗರಿ ಕಣಜದ ರೈತನೊಬ್ಬನ ಪ್ರಶ್ನೆ. ಅನಿಸಿಕೆ ಬೇರೆ, ಅಳತೆ ಬೇರೆ ಅನ್ನೋ ಎಚ್ಚರವೂ ಅದರಲ್ಲೇ ಇದೆ. ವಿಜ್ಞಾನಿಗಳು ಇದಕ್ಕಿಂತ ಬೇರೆ ಏನು ಕೇಳುತ್ತಾರೆ? ಅದು ಕೇಳಿಸಬೇಕಾದ ಜಾಗ ಆ ಸಭಾಂಗಣ. ಕೇಳಿಸಿದ್ದು ನನಗೆ ಮತ್ತು ಆಟೋ ಅಣ್ಣನಿಗೆ ಮಾತ್ರ. ನಷ್ಟ ಅಪ್ಪನಿಗಷ್ಟೇ ಆಯಿತು ಅಂತ ನನಗೆ ಅನಿಸಲ್ಲ. ಮೈಕು ಹಿಡಿದವರಿಗೂ ಆಯಿತು.

ಕನ್ನಡದಲ್ಲಿ ವಿಜ್ಞಾನ ಹೇಳೋಕಾಗಲ್ಲ ಅನ್ನುವವರಿಗೆ ಒಂದು ನೆನಪು: 1918ರಲ್ಲೇ ಇದೇ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ತಂದಿದ್ದರು. ಸಸ್ಯಗಳ ಬಗ್ಗೆ ಬಿ.ಜಿ.ಎಲ್. ಸ್ವಾಮಿಯವರು ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳು ಇವತ್ತಿಗೂ ನಡೆಯುತ್ತವೆ. ಭಾಷೆಗೆ ಶಕ್ತಿ ಇದೆ. ಕೊರತೆ ಇರೋದು ಮೈಕಿನ ಪಕ್ಕ ನಿಲ್ಲುವ ಒಬ್ಬ ಮನುಷ್ಯನದು.

ಇಂಗ್ಲಿಷ್ ಉಪನ್ಯಾಸ ಬೇಡ ಅಂತ ನಾನು ಹೇಳ್ತಿಲ್ಲ. ಬೇರೆ ರಾಜ್ಯದಿಂದ ಬಂದ ವಿಜ್ಞಾನಿ ಕನ್ನಡದಲ್ಲೇ ಮಾತಾಡಲಿ ಅಂತ ಹಠ ಮಾಡೋದರಲ್ಲಿ ಅರ್ಥವೂ ಇಲ್ಲ. ನಾನು ಕೇಳ್ತಿರೋದು ಚಿಕ್ಕದು. ಪ್ರಶ್ನೋತ್ತರ ಶುರುವಾಗುವಾಗ ಆಯೋಜಕರು ‘ಕನ್ನಡದಲ್ಲೂ ಕೇಳಬಹುದು’ ಅಂತ ಒಂದು ಸಾಲು ಹೇಳಲಿ. ಹೇಳದಿದ್ದರೆ ನಾವೇ ಎದ್ದು ನಿಂತು ಕನ್ನಡದಲ್ಲಿ ಕೇಳೋಣ. ಆಚೆ ಸಾಲಿನಲ್ಲಿ ಕೂತ ಇನ್ಯಾರದೋ ಅಪ್ಪ, ಇನ್ಯಾರದೋ ಅಮ್ಮನಿಗೆ ಅಷ್ಟು ಧೈರ್ಯ ಸಾಕು. ಅನುವಾದ ಮಾಡೋಕೆ ನಮ್ಮ ನಿಮ್ಮಂಥವರು ಪ್ರತಿ ಸಭೆಯಲ್ಲೂ ಹತ್ತು ಜನ ಇರುತ್ತೇವೆ. ದಿನವಿಡೀ ಆಫೀಸಿನಲ್ಲಿ ಮಾಡೋದೂ ಅದೇ ಅಲ್ಲವಾ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಮಾಡಿಸೋದು?

ಮುಂದಿನ ತಿಂಗಳ ಕ್ಯಾಲೆಂಡರ್‌ನಲ್ಲಿ ಒಂದು ಬುಧವಾರ ಅಥವಾ ಒಂದು ಭಾನುವಾರ ಗುರುತು ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ. ಮನೆ ಕೆಲಸಕ್ಕೆ ಬರುವ ಅಕ್ಕನ ಮಗಳು, ಊರಿಂದ ಬಂದ ಮಾವ, ಎದುರು ಮನೆಯ ರಿಟೈರ್ಡ್ ಅಂಕಲ್, ಯಾರಾದರೂ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಹತ್ತಿರ ಒಂದು ಪ್ರಶ್ನೆ ಇದ್ದೇ ಇರುತ್ತೆ. ಮೈಕು ಹತ್ತಿರ ಬಂದಾಗ ನೀವು ಕೈ ಎತ್ತಿ.