ಸಕ್ಕರೆಯ ಸಿಹಿ, ಹೆಣ್ಣಿನ ಮೂಳೆ

ಸಕ್ಕರೆಯ ಧಾರಣೆ ಒಂದು ರೂಪಾಯಿ ಏರಿದರೆ ಪೇಟೆಯಲ್ಲೆಲ್ಲ ಗುಲ್ಲು. ಅಂಗಡಿಯವರು ಗೊಣಗುತ್ತಾರೆ, ಗಿರಣಿಯ ಕೆಲಸಗಾರರು ಚಹದ ಲೋಟ ಕೆಳಗಿಟ್ಟು ಸರ್ಕಾರವನ್ನು ಬಯ್ಯುತ್ತಾರೆ. ಬಯ್ಯುವುದು ನ್ಯಾಯವೇ. ಆದರೆ ಆ ಸಕ್ಕರೆಗಾಗಿ ಕಬ್ಬು ಕಡಿದ ಹೆಂಗಸು ತೆತ್ತ ಬೆಲೆ ಯಾವ ಧಾರಣೆ ಪಟ್ಟಿಯಲ್ಲಿಯೂ ಅಚ್ಚಾಗುವುದಿಲ್ಲ. ಅದನ್ನು ಈ ವಾರ ನಾವು ಅಚ್ಚು ಮಾಡುತ್ತೇವೆ.

ಮಹಾರಾಷ್ಟ್ರದ ಬೀಡ್ ಜಿಲ್ಲೆ ಬರದ ನಾಡು. ಮಳೆಗಾಲ ಮುಗಿದೊಡನೆ ಅಲ್ಲಿಯ ಬಡವರು ಗಂಟುಮೂಟೆ ಕಟ್ಟಿ ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿಯ ಕಡೆಗೂ ಕಬ್ಬು ಕಡಿಯಲು ಹೊರಡುತ್ತಾರೆ. ಗಂಡಹೆಂಡಿರು ಸೇರಿ ಒಂದು ‘ಕೊಯ್ತಾ’, ಅಂದರೆ ಒಂದು ಕತ್ತಿ. ಮುಂಗಡ ಕೊಡುವುದು ಆ ಜೋಡಿಗೆ. ಇಬ್ಬರಲ್ಲಿ ಒಬ್ಬರು ಒಂದು ದಿನ ತಪ್ಪಿಸಿದರೆ 500 ರೂಪಾಯಿಯವರೆಗೆ ದಂಡ. ಮುಟ್ಟಿನ ದಿನಕ್ಕೂ ರಿಯಾಯಿತಿಯಿಲ್ಲ. ಗದ್ದೆಯಲ್ಲಿ ಕಕ್ಕಸಿಲ್ಲ, ತೊಳೆಯಲು ನೀರಿಲ್ಲ. ಸೋಂಕು ತಗಲಿ, ನೋವು ತಾಳದೆ ಖಾಸಗಿ ವೈದ್ಯರ ಬಾಗಿಲಿಗೆ ಹೋದರೆ, “ಎರಡು ಮಕ್ಕಳಾದವಲ್ಲ, ಚೀಲ ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ್ ಆದೀತು” ಎಂಬ ಹೆದರಿಕೆ.

2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ್‌ನ 82,309 ಕಬ್ಬು ಕಡಿಯುವ ಹೆಂಗಸರ ಲೆಕ್ಕ ತೆಗೆಯಿತು. ಅವರಲ್ಲಿ 13,861 ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಆರರಲ್ಲಿ ಒಬ್ಬಳು! ದೇಶದ ಸರಾಸರಿಯೋ, 15ರಿಂದ 49ರ ಪ್ರಾಯದ ನೂರು ಹೆಂಗಸರಲ್ಲಿ ಸುಮಾರು 3. ಈ ರೋಗ ಕಬ್ಬಿನ ಗದ್ದೆಯನ್ನೇ ಹುಡುಕಿಕೊಂಡು ಬಂದಿತೆ? ಇಲ್ಲ. ಬಂದದ್ದು ದಂಡ.

“ಮಕ್ಕಳಾದ ಮೇಲೆ ಆ ಚೀಲ ಏತಕ್ಕೆ?” ಎಂದು ಕೇಳುವವರಿಗೆ ಒಂದು ಮಾತು. ಗರ್ಭಕೋಶದ ಅಕ್ಕಪಕ್ಕದಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ಅವು ಈಸ್ಟ್ರೋಜನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. 1929ರಲ್ಲಿ ಅಮೆರಿಕದ ಡಾಯ್ಸಿ, ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿಗಳು ಇದರ ಒಂದು ಬಗೆಯನ್ನು ಬೇರೆಬೇರೆಯಾಗಿ ಶುದ್ಧರೂಪದಲ್ಲಿ ತೆಗೆದರು. ಇದು ಬರಿಯ ಬಸಿರಿನ ರಸವಲ್ಲ. ನಮ್ಮ ಮೂಳೆಯಲ್ಲಿ ದಿನವೂ ಜಮಾಖರ್ಚು ನಡೆದಿರುತ್ತದೆ: ಹಳೆಯದು ಸವೆಯುತ್ತದೆ, ಹೊಸದು ಕೂಡುತ್ತದೆ. ಖರ್ಚು ಮಿತಿಮೀರದಂತೆ ತಡೆಯುವುದು ಈ ಈಸ್ಟ್ರೋಜನ್. ರಕ್ತನಾಳ, ಮೂತ್ರಮಾರ್ಗ, ನಿದ್ರೆ ಎಲ್ಲಕ್ಕೂ ಇದರ ಆಸರೆ ಉಂಟು. ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವಾಗ ಅದು ತಾನಾಗಿ ಇಳಿಯುತ್ತದೆ. ಮೂವತ್ತರಲ್ಲೇ ಗರ್ಭಕೋಶದೊಡನೆ ಅಂಡಾಶಯಗಳನ್ನೂ ಕಿತ್ತರೆ, ಎಂಜಿನ್ನಿನ ಗವರ್ನರ್ ಕಳಚಿದಂತೆ. ಮೈ ಧಗೆ, ನಿದ್ರೆಗೇಡು ಇಂದೇ. ಮೂಳೆ ಸವೆತ, ಹೃದಯದ ಬೇನೆಯ ಭಯ ಮುಂದೆ. ಅಂಡಾಶಯ ಉಳಿಸಿದರೂ ಅವು ಕಾಲಕ್ಕಿಂತ ಮುಂಚೆ ಸೋಲುವ ಸಂಭವವಿದೆ. ತಲೆಯ ಮೇಲೆ ಕಬ್ಬಿನ ಹೊರೆ ಹೊರುವವಳ ಮೂಳೆ ಇದು ಎಂಬುದನ್ನು ಮರೆಯಬೇಡಿ.

“ಅವರೇ ಹೆಬ್ಬೆಟ್ಟು ಒತ್ತಿದ್ದಾರೆ” ಎಂದು ಗುತ್ತಿಗೆದಾರರ ಪರ ವಾದಿಸುವವರಿದ್ದಾರೆ. ತಲೆಯ ಮೇಲೆ ಸಾಲ, ಎದುರಿಗೆ ದಂಡ, ಕಿವಿಯಲ್ಲಿ ಕ್ಯಾನ್ಸರಿನ ಭೂತ. ಇದಕ್ಕೆ ಒಪ್ಪಿಗೆ ಎಂದು ಹೆಸರೆ? ನಿಜವಾದ ಕ್ಯಾನ್ಸರಿಗೆ, ಬೇರಾವ ಮದ್ದಿಗೂ ಬಗ್ಗದ ರಕ್ತಸ್ರಾವಕ್ಕೆ ಈ ಶಸ್ತ್ರಕ್ರಿಯೆ ಜೀವ ಉಳಿಸುತ್ತದೆ. ನಾವು ವೈದ್ಯಶಾಸ್ತ್ರದ ವಿರೋಧಿಗಳಲ್ಲ. ಮಾತ್ರೆಯಿಂದ ವಾಸಿಯಾಗುವ ಬಿಳಿಸೆರಗಿಗೆ ಕತ್ತಿ ಎತ್ತುವುದು ವೈದ್ಯವಲ್ಲ, ವ್ಯಾಪಾರ. ಅದೂ ನಮ್ಮ ಓದುಗ ವರ್ತಕರು ಮಾಡುವಂಥ ನೇರ ವ್ಯಾಪಾರವಲ್ಲ.

ಇದು ಪರರಾಜ್ಯದ ಕತೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿಯೂ ಇದೇ ಕೂಗೆದ್ದು, 2015ರಲ್ಲಿ ವಿಚಾರಣೆ ನಡೆಯಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಆದರೆ ಕೋರ್ಟಿನ ಕಾಗದ ಕಬ್ಬಿನ ಗದ್ದೆಗೆ ತಾನಾಗಿ ನಡೆದು ಹೋಗುವುದಿಲ್ಲ. ಹೊತ್ತು ಒಯ್ಯುವವರು ಬೇಕು.

ಆ ತಪ್ಪಿನಲ್ಲಿ ನಮ್ಮದೂ ಪಾಲುಂಟು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಹೆಣ್ಣಿನ ದೇಹದ ಪಾಠ ಬಂದಾಗ “ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ಮಗುಚಿದವರು ನಾವು. ನಮ್ಮ ನಾಚಿಕೆಯೇ ಸುಲಿಗೆಗಾರರ ಬಂಡವಾಳವಾಯಿತು. ಇನ್ನು ನಾಚುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಗೈರುಹಾಜರಿಯ ದಂಡ ಪೂರ್ತಿ ರದ್ದಾಗಲಿ. ಮುಟ್ಟಿನ ದಿನಕ್ಕೆ ಕೂಲಿಸಹಿತ ರಜೆ ಸಿಗಲಿ. ಗದ್ದೆಯಲ್ಲಿ ಕಕ್ಕಸು, ನೀರು ಒದಗಿಸುವ ಹೊಣೆ ಸಕ್ಕರೆ ಕಾರ್ಖಾನೆಯದಾಗಲಿ. ನಲವತ್ತರೊಳಗಿನವಳ ಗರ್ಭಕೋಶ ತೆಗೆಯುವ ಮೊದಲು ಸರ್ಕಾರಿ ವೈದ್ಯರ ಎರಡನೆಯ ಅಭಿಪ್ರಾಯ ಕಡ್ಡಾಯವಾಗಲಿ. ಏನೇನು ತೆಗೆದರೆಂದು ಅವಳ ಭಾಷೆಯಲ್ಲೇ ಬರೆದು ಕೊಡಲಿ. ಈಗಾಗಲೇ ಅಂಡಾಶಯ ಕಳೆದುಕೊಂಡವರಿಗೆ ತಪಾಸಣೆ, ವೈದ್ಯರು ತಕ್ಕುದೆಂದ ಕಡೆ ಈಸ್ಟ್ರೋಜನ್ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ದೊರೆಯಲಿ.

ಗಿರಣಿಯ ಬಂಧುಗಳೇ, ಮುಂದಿನ ಯೂನಿಯನ್ ಸಭೆಗೆ ನಿಮ್ಮ ಮನೆಯ ಹೆಂಗಸರನ್ನೂ ಕರೆತನ್ನಿ. ಈ ಠರಾವು ಅವರ ಬಾಯಿಂದಲೇ ಬರಲಿ. ವರ್ತಕ ಮಿತ್ರರೇ, ನಾಳೆ ಸಕ್ಕರೆ ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆ ನೋಡಿ.